ಕಾರನ್ನು ಹಿಂದುಮುಂದಾಗಿ ಏರಿಸಿದ ಟ್ರೈಲರ್ ನಮ್ಮನ್ನು ಹಳ್ಳಕ್ಕೆ ಎಳೆದದ್ದು ಹೀಗೆ

ಕೆಟ್ಟು ನಿಂತಿದ್ದ ಕಾರೊಂದನ್ನು ಬಾಡಿಗೆಯ ಟ್ರೈಲರ್ ಮೇಲೆ ಏರಿಸಿ, ನನ್ನ ಪಿಕಪ್‌ಗೆ ಕಟ್ಟಿಕೊಂಡು ಸಾಗಿಸುತ್ತಿದ್ದಾಗ ಇಳಿಜಾರಿನಲ್ಲಿ ಟ್ರೈಲರ್ ಅತ್ತಿತ್ತ ಹೊಯ್ದಾಡಿ, ಕೊನೆಗೆ ಅಡ್ಡ ತಿರುಗಿ, ಪಿಕಪ್ಪನ್ನೂ ರಸ್ತೆಬದಿಯ ಹಳ್ಳಕ್ಕೆ ಎಳೆದುಕೊಂಡು ಹೋಯಿತು. ನನಗಾಗಲಿ ಜೊತೆಗಿದ್ದ ಗೆಳೆಯನಿಗಾಗಲಿ ಗಾಯವಾಗಲಿಲ್ಲ. ಆ ಗಳಿಗೆಯಲ್ಲಿ ಎದುರಿನಿಂದ ಯಾವ ವಾಹನವೂ ಬರಲಿಲ್ಲ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ. ತಪ್ಪು ಟ್ರೈಲರಿನದಲ್ಲ, ಅದನ್ನು ಬಾಡಿಗೆಗೆ ಕೊಟ್ಟವರದೂ ಅಲ್ಲ. ಅದು ನನ್ನದು, ಮತ್ತು ಗಾಡಿ ಹೊರಡುವ ಮೊದಲೇ ಆಗಿಹೋಗಿತ್ತು.

ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು, ಎಂಜಿನ್ ಚಾಲೂ ಆಗುತ್ತಿರಲಿಲ್ಲ. ಅದನ್ನು ತಳ್ಳಿ, ತಿರುಗಿಸಿ, ಮೂತಿ ಮುಂದಾಗಿ ಏರಿಸಲು ಅರ್ಧ ಗಂಟೆಯಾದರೂ ಬೇಕಿತ್ತು. ಹಿಂಬದಿಗೆ ವಿಂಚಿನ (ಹಗ್ಗ ಸುತ್ತಿ ಭಾರ ಎಳೆಯುವ ರಾಟೆಯ) ಹಗ್ಗ ಸಿಕ್ಕಿಸಿ ಇದ್ದ ಹಾಗೆಯೇ ಎಳೆದುಕೊಂಡರೆ ಐದು ನಿಮಿಷ ಸಾಕಿತ್ತು. ಚಕ್ರಗಳು ಹಲಗೆಯ ಮೇಲೆ ಅದೇ ಜಾಗದಲ್ಲಿ ಕೂರುತ್ತವಲ್ಲ, ಮುಖ ಯಾವ ಕಡೆಗಿದ್ದರೇನು ಎಂದುಕೊಂಡು ಹಿಂದುಮುಂದಾಗಿಯೇ ಏರಿಸಿದೆವು.

ಉಳಿದದ್ದನ್ನೆಲ್ಲ ಶ್ರದ್ಧೆಯಿಂದ ಮಾಡಿದ್ದೆ. ಪಿಕಪ್ಪಿನ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಂಡಿಯಾದ ಹಿಚ್ಚಿನ ಗುಂಡು ಮತ್ತು ಅದರ ಮೇಲೆ ಕೂರುವ ಟ್ರೈಲರಿನ ಕಪ್ಲರ್ ಎರಡೂ 2 ಇಂಚಿನವೆಂದು ಅಚ್ಚೊತ್ತಿದ ಅಂಕಿಯನ್ನೇ ಓದಿ ಖಚಿತಪಡಿಸಿಕೊಂಡಿದ್ದೆ. ಕಪ್ಲರ್ ಕಳಚಿದರೂ ಟ್ರೈಲರಿನ ಮೂಕಿ, ಅಂದರೆ ಮುಂದಕ್ಕೆ ಚಾಚಿದ ಕಂಬ, ನೆಲಕ್ಕೆ ಬೀಳದೆ ತೊಟ್ಟಿಲಿನಲ್ಲಿ ಕೂತಂತೆ ನಿಲ್ಲಲಿ ಎಂದು ಸುರಕ್ಷತಾ ಸರಪಳಿಗಳನ್ನು ಅದರ ಅಡಿಯಲ್ಲಿ ಅಡ್ಡಹಾಯಿಸಿ ಕಟ್ಟಿದ್ದೆ. ಕಾರಿನ ನಾಲ್ಕು ಮೂಲೆಗೂ ಪಟ್ಟಿ ಬಿಗಿದು, ಟೈರುಗಳ ಗಾಳಿ ಮತ್ತು ದೀಪಗಳನ್ನು ನೋಡಿಕೊಂಡಿದ್ದೆ. ಇಷ್ಟೆಲ್ಲ ಸರಿಯಿದ್ದುದರಿಂದಲೇ ನನಗೆ ಧೈರ್ಯ ಹೆಚ್ಚಾಗಿತ್ತು. ಕಟ್ಟಿದ ಮೇಲೆ ಪಿಕಪ್ಪಿನ ಹಿಂಭಾಗ ಒಂದಿಷ್ಟೂ ಕುಸಿಯಲಿಲ್ಲ. "ಹಿಂದೆ ಏನೂ ಇಲ್ಲವೇನೋ ಅನ್ನೋ ಹಾಗಿದೆ ಕಣೋ" ಎಂದು ಗೆಳೆಯ ಮೆಚ್ಚಿಕೊಂಡ, ನಾನೂ ಹಿಗ್ಗಿದೆ. ಅಪಾಯದ ಗುರುತು ಅದೇ ಆಗಿತ್ತು.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೇರು ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಟ್ರೈಲರಿನಲ್ಲಿಯೂ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಭಾರ ಮೂಕಿಯ ಮೂಲಕ ಹಿಚ್ಚಿನ ಮೇಲೆ ಕೂರಬೇಕು. ನಮ್ಮ ಕಾರು 1,400 ಕೆಜಿ, ಟ್ರೈಲರ್ 700 ಕೆಜಿ. ಒಟ್ಟು 2,100 ಕೆಜಿಗೆ ಮೂಕಿಯ ಭಾರ 210ರಿಂದ 315 ಕೆಜಿ ಇರಬೇಕಿತ್ತು. ಮುಂದೆ ಎಂಜಿನ್ ಇರುವ, ಮುಂದಿನ ಚಕ್ರಗಳಿಂದಲೇ ಓಡುವ ಕಾರುಗಳಲ್ಲಿ ತೂಕದ ಸುಮಾರು ಶೇಕಡಾ 60 ಭಾಗ ಮುಂದಿನ ಚಕ್ರಗಳ ಮೇಲಿರುತ್ತದೆ. ಅಂಥ ಕಾರನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ನಿಲ್ಲಿಸಿದರೆ ಅದರ ತೂಕದ ಕೇಂದ್ರ ಸುಮಾರು ಅರ್ಧ ಮೀಟರ್ ಹಿಂದಕ್ಕೆ ಸರಿಯುತ್ತದೆ. ನಮ್ಮ ಟ್ರೈಲರಿನಲ್ಲಿ ಗುಂಡಿನಿಂದ ಚಕ್ರಗಳ ಅಚ್ಚಿಗೆ ಮೂರೂವರೆ ಮೀಟರ್ ಅಂತರವಿತ್ತು. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದರೆ, ಬರೀ ಮುಖ ತಿರುಗಿಸಿದ್ದರಿಂದ ಮೂಕಿಯ ಮೇಲಿನ ಭಾರ 200 ಕೆಜಿಯಷ್ಟು ಇಳಿದಿತ್ತು.

ಗಂಟೆಗೆ 70 ಕಿಲೋಮೀಟರ್ ವೇಗದವರೆಗೆ ಏನೂ ಗೊತ್ತಾಗಲಿಲ್ಲ. 80 ದಾಟಿದ ಮೇಲೆ ದೊಡ್ಡ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿದಾಗ ಟ್ರೈಲರ್ ಒಮ್ಮೆ ಬಾಲ ಆಡಿಸಿ ಸುಮ್ಮನಾಯಿತು. ಗಾಳಿಯ ಹೊಡೆತವಿರಬೇಕೆಂದು ಮುಂದುವರಿದೆ. ಇಳಿಜಾರಿನಲ್ಲಿ ವೇಗ 90 ದಾಟಿತ್ತು, ಮತ್ತೆ ಹೊಯ್ದಾಟ ಶುರುವಾಯಿತು, ಈ ಸಲ ಪ್ರತಿ ಹೊಯ್ದಾಟವೂ ಹಿಂದಿನದಕ್ಕಿಂತ ದೊಡ್ಡದಾಗಿತ್ತು. ಎಳೆಯುವ ಗಾಡಿ ಮತ್ತು ಟ್ರೈಲರಿನ ಪ್ರತಿಯೊಂದು ಜೋಡಿಗೂ ಒಂದು ವೇಗದ ಮಿತಿಯಿದೆ. ಅದರೊಳಗೆ ಹೊಯ್ದಾಟ ತಾನಾಗಿ ತಗ್ಗುತ್ತದೆ, ಅದನ್ನು ಮೀರಿದರೆ ತಾನಾಗಿ ಬೆಳೆಯುತ್ತದೆ. ಭಾರ ಹಿಂದಕ್ಕೆ ಸರಿದಷ್ಟೂ ಆ ಮಿತಿ ಕೆಳಗಿಳಿಯುತ್ತದೆ.

ನಾನು ಎರಡು ಕೆಲಸ ಮಾಡಿದೆ, ಎರಡೂ ತಪ್ಪು. ಸ್ಟೀರಿಂಗನ್ನು ಹೊಯ್ದಾಟಕ್ಕೆ ಎದುರಾಗಿ ತಿರುಗಿಸಿದೆ. ಕೈ ಯಾವಾಗಲೂ ಅರೆಕ್ಷಣ ತಡವಾಗಿಯೇ ತಿರುಗುವುದರಿಂದ ಅದು ತೂಗುವ ಉಯ್ಯಾಲೆಯನ್ನು ಮತ್ತೆ ನೂಕಿದಂತಾಯಿತು. ಆಮೇಲೆ ಬ್ರೇಕ್ ಒತ್ತಿದೆ. ಮುಂದಿನ ಗಾಡಿ ನಿಧಾನವಾಯಿತು, ಓರೆಯಾಗಿದ್ದ ಎರಡು ಟನ್ ಭಾರ ಹಿಂದಿನಿಂದ ಅದನ್ನು ಪಕ್ಕಕ್ಕೆ ದೂಡಿತು. ಮಾಡಬೇಕಾಗಿದ್ದುದು ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಹಾಕುವುದು. ಅದರ ಸನ್ನೆ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು, ಆದರೆ ಒಮ್ಮೆಯೂ ಬಳಸಿ ನೋಡಿರದ ಕಾರಣ ಕೈ ಅತ್ತ ಹೋಗಲೇ ಇಲ್ಲ.

ಮೂಕಿಯ ಭಾರವನ್ನು ಅಂದಾಜಿಗೆ ಬಿಡದೆ ಅಳೆಯಿರಿ. ವೇಬ್ರಿಡ್ಜ್ ಸಿಕ್ಕರೆ, ಪಿಕಪ್ಪಿನ ಚಕ್ರಗಳನ್ನು ಮಾತ್ರ ಅದರ ಮೇಲೆ ನಿಲ್ಲಿಸಿ, ಟ್ರೈಲರ್ ಕಟ್ಟಿದಾಗ ಒಮ್ಮೆ, ಬಿಚ್ಚಿದಾಗ ಒಮ್ಮೆ ತೂಗಿದರೆ ಆ ಎರಡರ ವ್ಯತ್ಯಾಸವೇ ಉತ್ತರ. ಸಿಗದಿದ್ದರೆ, ಟ್ರೈಲರಿನ ಚಕ್ರಗಳಿಗೆ ಅಡೆ ಕೊಟ್ಟು, ಗಟ್ಟಿಯಾದ ತೊಲೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದನ್ನು ಮನುಷ್ಯರು ನಿಂತು ತೂಗಿಕೊಳ್ಳುವ ತಕ್ಕಡಿಯ ಮೇಲೂ ಇಟ್ಟು, ಇಟ್ಟಿಗೆಯಿಂದ ತೊಲೆಯ ಉದ್ದದ ಮೂರನೇ ಒಂದು ಭಾಗದ ದೂರದಲ್ಲಿ ಮೂಕಿಯನ್ನು ಇಳಿಸಿ. ತಕ್ಕಡಿ ತೋರಿಸಿದ್ದರಲ್ಲಿ ತೊಲೆಯ ಪಾಲನ್ನು ಕಳೆದು ಮೂರರಿಂದ ಗುಣಿಸಿದರಾಯಿತು. ಭಾರ ವಿಪರೀತವಾದರೂ ತೊಂದರೆಯೇ, ಪಿಕಪ್ಪಿನ ಮೂತಿ ಮೇಲೆದ್ದು ಸ್ಟೀರಿಂಗ್ ಹಗುರಾಗುತ್ತದೆ. ಪಿಕಪ್ ಹೊರಬಹುದಾದ ಹೇರಿನ ಲೆಕ್ಕದಲ್ಲಿ ಕೂತವರು, ಸಾಮಾನು, ಇವುಗಳ ಜೊತೆಗೆ ಈ ಭಾರವೂ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಹೊಯ್ದಾಟ ತಡೆಯುವ ಉಪಕರಣಗಳು ಮಾರಾಟಕ್ಕಿವೆ, ಒಳ್ಳೆಯವೂ ಹೌದು. ತಪ್ಪಾಗಿ ಹೇರಿದ್ದನ್ನು ಅವು ಸರಿಪಡಿಸಲಾರವು.

ವಾರದ ನಂತರ ಬೇರೆ ಟ್ರೈಲರ್ ತಂದು ಅದೇ ಕಾರನ್ನು ಮೂತಿ ಮುಂದಾಗಿ ಏರಿಸಿದೆವು. ಪಿಕಪ್ಪಿನ ಹಿಂಭಾಗ ನಾಲ್ಕು ಬೆರಳು ಕುಸಿಯಿತು. ಭಾರ ಹೆಚ್ಚಾಯಿತೇನೋ ಎಂದು ಗೆಳೆಯ ಅನುಮಾನಿಸಿದ. ತೂಗಿದಾಗ 280 ಕೆಜಿ ಬಂತು. ಅದೇ ಇಳಿಜಾರನ್ನು ಕೆಳಗಿನ ಗೇರಿನಲ್ಲಿ, 70ರ ವೇಗ ಮೀರದೆ ಇಳಿದೆವು. ಅರ್ಧ ದಾರಿಯಲ್ಲಿ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಕನ್ನಡಿಯಲ್ಲಿ ನೋಡಿದೆ, ಟ್ರೈಲರ್ ಅಲುಗಿರಲಿಲ್ಲ.