ಆನೆ ಶಿಬಿರದ ಹುಟ್ಟುಹಬ್ಬಕ್ಕೆ ಹಾಲು, ತುಪ್ಪ, ಜೇನಿಲ್ಲದ ಊಟ: ಮಡಿಕೇರಿಯ ಅಡುಗೆ ಸೇವೆಯೊಂದರ ವಿಮರ್ಶೆ

ಮಕ್ಕಳ ಹುಟ್ಟುಹಬ್ಬಕ್ಕೆ ವೀಗನ್ ಊಟ ಬೇಕೆಂದು ಮಡಿಕೇರಿಯ ಬೇಕರಿಗಳಲ್ಲಿ ವಿಚಾರಿಸಿದಾಗ ನಮಗೆ ಸಿಕ್ಕ ಉತ್ತರ ಬಹುತೇಕ ಒಂದೇ ಆಗಿತ್ತು: ‘ಎಗ್‌ಲೆಸ್ ಕೇಕ್ ಉಂಟು, ತೆಗೆದುಕೊಂಡು ಹೋಗಿ.’ ಮೊಟ್ಟೆ ಹಾಕದ ಕೇಕಿನಲ್ಲಿ ಸಾಮಾನ್ಯವಾಗಿ ಆ ಜಾಗವನ್ನು ತುಂಬುವುದೇ ಕಂಡೆನ್ಸ್ಡ್ ಮಿಲ್ಕ್, ಮೊಸರು ಮತ್ತು ಬೆಣ್ಣೆ ಎಂಬುದನ್ನು ಯಾರೂ ತಾವಾಗಿ ಹೇಳಲಿಲ್ಲ. ನನ್ನ ತಮ್ಮನ ಮನೆಯವರು ಹಾಲು, ಮೊಸರು, ತುಪ್ಪ, ಮೊಟ್ಟೆ, ಜೇನುತುಪ್ಪ ಯಾವುದನ್ನೂ ಬಳಸುವುದಿಲ್ಲ. ಅವರ ಮಗಳಾದರೋ ಆರು ವರ್ಷ ತುಂಬುವ ಹುಟ್ಟುಹಬ್ಬವನ್ನು ಅಜ್ಜಿಯ ಮನೆಯಲ್ಲೇ, ದುಬಾರೆಯಲ್ಲಿ ಕಂಡಂಥ ಆನೆ ಶಿಬಿರದ ಥೀಮಿನಲ್ಲೇ ಮಾಡಬೇಕೆಂದು ಪಟ್ಟು ಹಿಡಿದಿದ್ದಳು. ಆಗಸ್ಟ್ ತಿಂಗಳ ಮೊದಲ ವಾರ, ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆ, ಮೂವತ್ತರಷ್ಟು ಮಕ್ಕಳು ಮತ್ತು ಹೆಚ್ಚುಕಡಿಮೆ ಅಷ್ಟೇ ಹಿರಿಯರು. ಇಷ್ಟನ್ನು ಒಪ್ಪಿಕೊಂಡವರು ಮಡಿಕೇರಿಯ ಅಂಚಿನಲ್ಲಿ ಮನೆಯಿಂದಲೇ ಅಡುಗೆ ಮಾಡಿ ಕಳುಹಿಸುವ ಒಬ್ಬ ಮಹಿಳೆ. ಅವರಿಗೆ ಅಂಗಡಿಯೂ ಇಲ್ಲ, ಬೋರ್ಡೂ ಇಲ್ಲ. ಆರ್ಡರುಗಳು ಪರಿಚಿತರ ಮೂಲಕವೇ ಬರುವುದರಿಂದ ಇಲ್ಲಿ ಅವರ ಹೆಸರನ್ನು ಬರೆಯದೆ ಕೆಲಸದ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.

ಅವರ ಬಗ್ಗೆ ಮೊದಲು ಹೇಳಬೇಕಾದದ್ದು, ಅವರು ಚೀಸ್ ಇಲ್ಲದ ಪಿಜ್ಜಾ, ಪನೀರ್ ಬದಲು ಟೋಫು ಎಂಬ ದಾರಿಗೆ ಹೋಗಲೇ ಇಲ್ಲ. ‘ನಮ್ಮ ಅಡುಗೆಯಲ್ಲೇ ಅರ್ಧಕ್ಕರ್ಧ ಹಾಲು ಬೇಡದ್ದು ಉಂಟಲ್ಲ ಅಕ್ಕ, ಅದನ್ನೇ ಮಕ್ಕಳಿಗೆ ಹಿಡಿಸುವ ಹಾಗೆ ಮಾಡುವ’ ಎಂದು ಅವರು ಮೊದಲ ಭೇಟಿಯಲ್ಲೇ ಹೇಳಿದರು. ಅಕ್ಕಿತರಿಯಿಂದ ಉಂಡೆ ಕಟ್ಟಿ ಆವಿಯಲ್ಲಿ ಬೇಯಿಸುವ ಕಡಂಬುಟ್ಟು, ಅಕ್ಕಿ ಶಾವಿಗೆಯಾದ ನೂಲುಪುಟ್ಟು, ತೆಂಗಿನಕಾಯಿ ಅರೆದು ಮಾಡುವ ಸಿಹಿಗುಂಬಳದ ಸಾರು, ಎಳ್ಳಿನ ಪಜ್ಜಿ (ಚಟ್ನಿ), ಇವುಗಳಿಗೆ ಹೈನು ಯಾವತ್ತೂ ಅನಿವಾರ್ಯವಾಗಿರಲಿಲ್ಲ. ಅಕ್ಕಿತರಿ, ತೆಂಗಿನತುರಿ ಸೇರಿಸಿ ಆವಿಯಲ್ಲಿ ಬೇಯಿಸುವ ಪಾಪುಟ್ಟಿಗೆ ಮಾತ್ರ ಹಸುವಿನ ಹಾಲು ಹಾಕುವುದು ವಾಡಿಕೆ. ಅದನ್ನು ಅವರು ಪೂರ್ತಿಯಾಗಿ ತೆಂಗಿನ ಹಾಲಿನಲ್ಲಿ ಮಾಡಿದರು, ಮತ್ತು ತುಪ್ಪವಿಲ್ಲದೆ ಹುಟ್ಟುಹಬ್ಬವೇ ಎಂದು ಬೆಳಗಿನಿಂದ ಗೊಣಗುತ್ತಿದ್ದ ನಮ್ಮ ಅಮ್ಮ ಆ ಪಾಪುಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡರು.

ಥೀಮನ್ನು ಊಟದೊಳಕ್ಕೆ ತಂದ ಬಗೆ ನನಗೆ ಬಹಳ ಇಷ್ಟವಾಯಿತು. ಶಿಬಿರಗಳಲ್ಲಿ ಮಾವುತರು ಆನೆಗಳಿಗೆ ರಾಗಿಮುದ್ದೆ, ಬೆಲ್ಲ, ಕಬ್ಬು ಕೊಡುವುದನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಇವರು ನಿಂಬೆಹಣ್ಣಿನ ಗಾತ್ರದ ಪುಟ್ಟ ಕಡಂಬುಟ್ಟುಗಳನ್ನು ಅರ್ಧ ಬಿಳಿ ಅಕ್ಕಿಯಲ್ಲಿ, ಅರ್ಧ ರಾಗಿ ಬೆರೆಸಿ ಮಾಡಿ, ಬಾಳೆಎಲೆ ಹಾಸಿದ ಬಿದಿರಿನ ಬುಟ್ಟಿಗಳಲ್ಲಿ ತುಂಬಿಸಿ, ಪಕ್ಕದಲ್ಲಿ ಸಿಪ್ಪೆ ತೆಗೆದ ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟಿದ್ದರು. ಮಕ್ಕಳು ಇಬ್ಬಿಬ್ಬರಾಗಿ, ಒಬ್ಬರು ಆನೆ, ಒಬ್ಬರು ಮಾವುತ ಎಂದು ಆಡುತ್ತ, ಸೊಂಡಿಲಿನಂತೆ ಕೈ ಚಾಚಿ ಬುಟ್ಟಿ ಖಾಲಿ ಮಾಡಿದರು. ಸಾರನ್ನು ಮುಟ್ಟದ ಮಕ್ಕಳೂ ಕಡಂಬುಟ್ಟನ್ನು ಬೆಲ್ಲದ ಪಾಕದಲ್ಲಿ ಅದ್ದಿ ತಿಂದದ್ದನ್ನು ನೋಡಿದ ಮೇಲೆ, ಮಕ್ಕಳ ಪಾರ್ಟಿಗೆ ಮಕ್ಕಳದೇ ಬೇರೆ ಊಟ ಬೇಕೆಂಬ ಮಾತನ್ನು ನಾನು ಒಪ್ಪಲಾರೆ.

ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದದ್ದು ಮದ್ದುಸೊಪ್ಪಿನ ಪಾಯಸ. ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಈ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಗುಣಗಳು ಸೇರುತ್ತವೆ ಎಂಬುದು ಇಲ್ಲಿಯ ನಂಬಿಕೆ. ಎಲೆ ಮತ್ತು ಎಳೆಯ ದಂಟನ್ನು ನೀರಿನಲ್ಲಿ ಕುದಿಸಿದರೆ ನೀರು ಗಾಢ ನೇರಳೆಯಾಗುತ್ತದೆ, ಮನೆಯೆಲ್ಲ ಅದರದೇ ವಾಸನೆ ತುಂಬುತ್ತದೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನ ಹಾಲು ಹಾಕಿ ಮಾಡಿದ ಪಾಯಸವನ್ನು ಅವರು ಸಣ್ಣ ಗಾಜಿನ ಲೋಟಗಳಲ್ಲಿ ಕೊಟ್ಟರು. ಬೆಂಗಳೂರಿನಿಂದ ಬಂದ ಮಕ್ಕಳು ಇದಕ್ಕೆ ಯಾವ ಕಲರ್ ಹಾಕಿದ್ದಾರೆ ಎಂದು ಕೇಳಿದಾಗ ಆಕೆ ಒಂದು ಹಿಡಿ ಹಸಿ ಸೊಪ್ಪನ್ನೇ ತಂದು ತೋರಿಸಿದರು. ಇದನ್ನು ತಿಂದ ಮೇಲೆ ಮೂತ್ರ ಕೆಂಪಗಾಗುವುದು ಇಲ್ಲಿಯವರಿಗೆ ಗೊತ್ತಿರುವ ಸಂಗತಿ, ಹೊರಗಿನವರಿಗೆ ಗೊತ್ತಿಲ್ಲದಿದ್ದರೆ ಗಾಬರಿಯ ಸಂಗತಿ. ಆದ್ದರಿಂದ ‘ಮೂತ್ರ ಕೆಂಪಗಾದರೆ ಹೆದರಬೇಡಿ’ ಎಂದು ಬರೆದ ಚೀಟಿಯನ್ನು ಪಾಯಸದ ಪಕ್ಕದಲ್ಲೇ ಇಟ್ಟಿದ್ದರು. ಆ ಒಂದು ಚೀಟಿಯಲ್ಲೇ ಅವರ ಜವಾಬ್ದಾರಿ ನನಗೆ ಕಾಣಿಸಿತು.

ಅದೇ ಜವಾಬ್ದಾರಿ ದಿನಸಿಯ ವಿಷಯದಲ್ಲೂ ಇತ್ತು. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಸಮಾಧಾನಪಡುವವರು ಅವರಲ್ಲ, ಏಕೆಂದರೆ ಹಾಲು ಮತ್ತು ಜೇನು ಇರುವ ತಿನಿಸಿಗೂ ಅದೇ ಚುಕ್ಕೆ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ ವೀಗನ್ ಆಹಾರಕ್ಕೆಂದೇ ಪ್ರತ್ಯೇಕ ನಿಯಮ ಮತ್ತು ಲಾಂಛನವನ್ನು ತಂದಿದ್ದರೂ ನಮ್ಮ ಊರಿನ ಅಂಗಡಿಗಳಲ್ಲಿ ಅದು ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ. ಹೀಗಾಗಿ ಸಾಮಗ್ರಿಗಳ ಪಟ್ಟಿಯನ್ನು ಸಾಲುಸಾಲಾಗಿ ಓದುವುದೇ ಉಳಿದ ದಾರಿ. ನಾನ್‌ಡೇರಿ ಎಂದು ಮಾರುವ ಕೆಲವು ವಿಪ್ಪಿಂಗ್ ಕ್ರೀಮುಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ, ಅದು ಹಾಲಿನ ಪ್ರೋಟೀನೇ ಎಂಬುದನ್ನು ನಾವು ತಿಳಿದುಕೊಂಡದ್ದು ಇವರಿಂದ. ಜೆಲ್ಲಿಗೆ ಪ್ರಾಣಿಜನ್ಯವಾದ ಜೆಲಾಟಿನ್ ಬಿಟ್ಟು ಚೈನಾ ಗ್ರಾಸ್ ಬಳಸಿ, ಪ್ಯಾಷನ್ ಫ್ರೂಟ್ ರಸದಲ್ಲಿ ಆನೆಯ ಅಚ್ಚು ಹಾಕಿದ್ದರು. ಜೇನಿನ ಊರಾದ ಕೊಡಗಿನಲ್ಲಿ ಜೇನನ್ನು ಬಿಡುವುದು ಕಷ್ಟವೇನೋ ಎಂದುಕೊಂಡಿದ್ದೆ. ಬೆಲ್ಲದ ಪಾಕ ಆ ಕೊರತೆಯನ್ನು ಕಾಣಿಸಲಿಲ್ಲ. ಯಾವ ಮಗುವಿಗೆ ಕಡಲೆಕಾಯಿ, ಗೋಡಂಬಿ ಆಗುವುದಿಲ್ಲ ಎಂಬುದನ್ನೂ ಆರ್ಡರ್ ಕೊಡುವಾಗಲೇ ಕೇಳಿ ಬರೆದುಕೊಂಡಿದ್ದರು.

ಕೇಕಿನ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ತೃಪ್ತಿಯಿಲ್ಲ. ಒಳಗಿನ ಕೋಕೋ ಕೇಕ್ ಚೆನ್ನಾಗಿಯೇ ಇತ್ತು. ಅಡುಗೆ ಸೋಡಾ ಮತ್ತು ನಿಂಬೆರಸ ಸೇರಿದಾಗ ಏಳುವ ಗಾಳಿಯಿಂದಲೇ ಅದು ಉಬ್ಬಿ ಹಗುರವಾಗಿತ್ತು, ಮೊಟ್ಟೆಯಿಲ್ಲವೆಂದು ತಿಂದವರಿಗೆ ತಿಳಿಯುವಂತಿರಲಿಲ್ಲ. ಆದರೆ ಮೇಲಿನ ಕ್ರೀಮನ್ನು ಕೊಬ್ಬರಿ ಎಣ್ಣೆ ಮತ್ತು ಸಕ್ಕರೆಪುಡಿಯಲ್ಲಿ ಕಟ್ಟಿದ್ದರು. ಕೊಬ್ಬರಿ ಎಣ್ಣೆ ಕರಗುವುದು ಸುಮಾರು 24 ಡಿಗ್ರಿಯಲ್ಲಿ, ಆಗಸ್ಟ್ ತಿಂಗಳ ಮಡಿಕೇರಿಯಲ್ಲಿ ಮನೆಯೊಳಗೂ ಅಷ್ಟು ಬಿಸಿ ಇರುವುದಿಲ್ಲ. ಕೇಕಿನ ಮೇಲೆ ಕೂರಿಸಿದ ಆನೆಯ ರೂಪ ಸ್ವಲ್ಪವೂ ಜಾರದೆ ನಿಂತಿತು ಎಂಬುದು ನಿಜ, ಆದರೆ ಬಾಯಲ್ಲಿ ಅದು ಮೇಣದಂತೆ ಅಂಟಿಕೊಂಡಿತು, ಹಲವು ಮಕ್ಕಳು ಕ್ರೀಮನ್ನು ತಟ್ಟೆಯ ಅಂಚಿಗೆ ಸರಿಸಿದರು. ಮಳೆಗಾಲದ ಆರ್ಡರುಗಳಿಗೆ ಕ್ರೀಮು ಬಿಟ್ಟು ಕೋಕೋ ಮತ್ತು ತೆಂಗಿನ ಹಾಲಿನ ತೆಳುವಾದ ಲೇಪನ ಹಾಕುವುದು ಒಳ್ಳೆಯದು ಎಂದು ಅವರಿಗೇ ಹೇಳಿದ್ದೇನೆ, ಒಪ್ಪಿದ್ದಾರೆ.

ಸಾಗಾಟವೂ ಇನ್ನಷ್ಟು ಸುಧಾರಿಸಬೇಕು. ಬಾಳೆಎಲೆಯಲ್ಲಿ ಸುತ್ತಿದ ನೂಲುಪುಟ್ಟು ಮೆತ್ತಗೆ ಬಂತು. ಕಡಂಬುಟ್ಟು ಆರಿ ಗಟ್ಟಿಯಾಗಿದ್ದರಿಂದ ನಮ್ಮ ಮನೆಯ ಇಡ್ಲಿ ಪಾತ್ರೆಯಲ್ಲಿ ಮತ್ತೆ ಆವಿ ಹಿಡಿಸಬೇಕಾಯಿತು, ಊಟ ಅರ್ಧ ಗಂಟೆ ತಡವಾಯಿತು. ಇನ್ನೊಂದು ದೂರು ಬೆಲೆಯದು. ತೆಂಗಿನಕಾಯಿಯ ದರ ನೋಡಿ ಲೆಕ್ಕ ಹೇಳುತ್ತೇನೆ ಎಂದವರು ಕೊನೆಯಲ್ಲಿ ಹೇಳಿದ ಮೊತ್ತ ಅನ್ಯಾಯದ್ದಲ್ಲದಿದ್ದರೂ, ಮುಂಗಡ ಕೊಡುವಾಗಲೇ ಒಂದು ಮಿತಿಯನ್ನು ಬರೆದುಕೊಟ್ಟಿದ್ದರೆ ಇಬ್ಬರಿಗೂ ನೆಮ್ಮದಿಯಾಗುತ್ತಿತ್ತು.

ಹಿರಿಯರಿಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಅಣಬೆ ಪಲ್ಯ, ಅಕ್ಕಿ ರೊಟ್ಟಿ, ಕಣಿಲೆ (ಎಳೆ ಬಿದಿರು) ಸಾರು ಇದ್ದವು. ಮಾಂಸವಿಲ್ಲದ ಊಟವೆಂದು ಮುಖ ಸಣ್ಣ ಮಾಡಿಕೊಂಡಿದ್ದ ನೆಂಟರೂ ಅಣಬೆಯ ಪಾತ್ರೆಯ ಬಳಿಯಿಂದ ಕದಲಲಿಲ್ಲ. ಹಾಲಿಲ್ಲದ ಕಾಫಿ ಹೇಗೆ ಎಂಬ ನಮ್ಮ ದೊಡ್ಡ ಚಿಂತೆಯೂ ಸುಲಭವಾಗಿ ತೀರಿತು. ಇಲ್ಲಿಯ ತೋಟದ ಮನೆಗಳಲ್ಲಿ ಕುಡಿಯುವ ಬೆಲ್ಲದ ಕಪ್ಪು ಕಾಫಿಯನ್ನೇ ಕಾಸಿ ಫ್ಲಾಸ್ಕುಗಳಲ್ಲಿ ತುಂಬಿಸಿ ತಂದಿದ್ದರು, ಆ ಮಳೆಗೆ ಅದಕ್ಕಿಂತ ಒಳ್ಳೆಯದು ಬೇರೆ ಯಾವುದೂ ಇರಲಿಲ್ಲ.

ಮಕ್ಕಳಿಗೆ ಹಾಲು ಆಗದ ಮನೆಯವರಿಗೂ, ನಂಬಿಕೆಯಿಂದ ಹೈನನ್ನು ಬಿಟ್ಟವರಿಗೂ ನಾನು ಈ ಸೇವೆಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ಅಲರ್ಜಿ ತೀವ್ರವಾಗಿದ್ದರೆ ಅದನ್ನು ಮೊದಲೇ ಹೇಳಿ, ಅದೇ ಅಡುಗೆಮನೆಯಲ್ಲಿ ಬೇರೆ ದಿನಗಳಲ್ಲಿ ಹಾಲು ತುಪ್ಪದ ಅಡುಗೆಯೂ ನಡೆಯುವುದರಿಂದ ಪಾತ್ರೆ, ಸೌಟುಗಳನ್ನು ಪ್ರತ್ಯೇಕವಾಗಿ ಇಡಿಸಿಕೊಳ್ಳಿ. ಮದ್ದುಸೊಪ್ಪಿನ ಪಾಯಸ ಬೇಕಾದವರು ಕಕ್ಕಡದಲ್ಲೇ ಕೇಳಬೇಕು. ಉಳಿದ ತಿಂಗಳುಗಳಲ್ಲಿ ನೂಲುಪುಟ್ಟಿಗೆ ಬೆಲ್ಲ, ಏಲಕ್ಕಿ ಹಾಕಿದ ಕಾಯಿಹಾಲನ್ನು ಕೇಳಿ ಪಡೆಯಿರಿ, ಅದನ್ನು ಅವರು ಅಷ್ಟೇ ಚೆನ್ನಾಗಿ ಮಾಡುತ್ತಾರೆ.