ರೈಟರಿಗೊಂದು ಔಟ್‌ಪುಟ್, ಸ್ಕ್ರಿಪ್ಟಿಗೊಂದು: ಮಳೆ ಲೆಕ್ಕದ ಮೇಲೆ ಹೋಲಿಸಿ ನೋಡಿದ್ದು

ಮೂಡಿಗೆರೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಳೆ ಲೆಕ್ಕ ಬರೆದಿಡುವುದು ಅಪ್ಪನ ಕಾಲದ ರೂಢಿ. ದಿನಾ ಬೆಳಿಗ್ಗೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರು ಮಳೆಮಾಪಕ ನೋಡಿ ಅಂಕಿ ಬರೆಯುತ್ತಾರೆ. ಈಗ ಆ ಲೆಕ್ಕ ಕಂಪ್ಯೂಟರಿನಲ್ಲೂ ಇದೆ. ತಿಂಗಳಿಗೊಂದು ಫೈಲು, ಎಲ್ಲವೂ ಗಿಟ್ ಅನ್ನುವ ತಂತ್ರಾಂಶದ ಒಳಗೆ. ಹಳೆಯ ಅಂಕಿಯನ್ನು ಯಾರು, ಯಾವಾಗ ತಿದ್ದಿದರು ಅಂತ ಗೊತ್ತಾಗಬೇಕಲ್ಲ, ಅದಕ್ಕೇ ಗಿಟ್.

ರೈಟರಿಗೆ ಸುಲಭವಾಗಲಿ ಅಂತ, ಗಿಟ್ ಅನ್ನೇ ಒಳಗೆ ಬಳಸುವ ಪುಟ್ಟ ಕಮಾಂಡ್ ಒಂದನ್ನು ಬರೆಯುತ್ತಿದ್ದೇನೆ. ಅದಕ್ಕೆ ಎರಡು ಕೆಲಸ. ಇವತ್ತು ಯಾವ ಫೈಲು ಬದಲಾಗಿದೆ ಅಂತ ರೈಟರಿಗೆ ತೋರಿಸಬೇಕು. ಬದಲಾದ ತಿಂಗಳ ಮೊತ್ತವನ್ನು ಮತ್ತೆ ಹಾಕುವ ನನ್ನ ಪುಟ್ಟ ಪ್ರೋಗ್ರಾಂಗೂ, ಅಂದರೆ ಸ್ಕ್ರಿಪ್ಟಿಗೂ, ಅದೇ ಪಟ್ಟಿ ಕೊಡಬೇಕು. ಔಟ್‌ಪುಟ್ ಹೇಗಿರಬೇಕು ಅಂತ ತೀರ್ಮಾನಿಸುವ ಮೊದಲು ಗಿಟ್, ಮರ್ಕ್ಯುರಿಯಲ್, ಸಬ್‌ವರ್ಷನ್ ಮೂರನ್ನೂ ಇದೇ ಫೈಲುಗಳ ಮೇಲೆ ಓಡಿಸಿ ನೋಡಿದೆ. ಉಳಿದೆರಡೂ ಗಿಟ್ ಥರವೇ ತಿದ್ದುಪಡಿಗಳ ಲೆಕ್ಕ ಇಡುವ ತಂತ್ರಾಂಶಗಳು.

ಶುರು ಮಾಡಿದ್ದು, ಬದಲಾದ ಫೈಲುಗಳನ್ನು ಪಟ್ಟಿ ಮಾಡುವ ಗಿಟ್ ಸ್ಟೇಟಸ್‌ನ ‘ಶಾರ್ಟ್’ ಆಯ್ಕೆಯಿಂದ. ಸಾಲಿಗೊಂದು ಫೈಲು, ಮೊದಲು ಎರಡು ಅಕ್ಷರದ ಗುರುತು, ಒಂದು ಖಾಲಿ ಜಾಗ, ಆಮೇಲೆ ಹೆಸರು. ಓದಲು ಹಿತ. ಸ್ಕ್ರಿಪ್ಟಿಗೂ ಇದೇ ಸಾಕು ಅಂತ ಅಂದುಕೊಂಡೆ. ಕೆಲವು ತಿಂಗಳು ಸಾಕಾಯಿತು ಕೂಡ, ಯಾಕೆಂದರೆ ಆಗ ಫೈಲುಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿತ್ತು. ಜುಲೈಯಲ್ಲಿ ರೈಟರು ಹೊಸ ಫೈಲಿಗೆ ‘ಮಳೆ ಜುಲೈ’ ಅಂತ ಕನ್ನಡದಲ್ಲೇ ಹೆಸರಿಟ್ಟರು. ಇಡಬೇಕಾದ್ದೇ. ಆದರೆ ಆ ತಿಂಗಳ ಮೊತ್ತ ಸೊನ್ನೆಯಲ್ಲೇ ನಿಂತುಬಿಟ್ಟಿತು. ಜುಲೈಯಲ್ಲಿ ಮೂಡಿಗೆರೆಗೆ ಮಳೆಯೇ ಬಂದಿಲ್ಲ ಅಂದರೆ ಯಾರು ನಂಬುತ್ತಾರೆ?

ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಕನ್ನಡದ ಹೆಸರನ್ನು ಗಿಟ್ ಹಾಗೆಯೇ ತೋರಿಸುವುದಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಆ ಬೈಟುಗಳನ್ನು ಗಿಟ್ ಎಂಟರ ಪದ್ಧತಿಯ ಅಂಕಿಗಳಾಗಿ ಬರೆದು ಉದ್ಧರಣ ಚಿಹ್ನೆಯೊಳಗೆ ಇಡುತ್ತದೆ. ‘ಮಳೆ’ ಅನ್ನುವ ಪುಟ್ಟ ಪದ \340\262\256\340\262\263\340\263\206 ಆಗುತ್ತದೆ. ಮ, ಳ, ಎತ್ವ ಸೇರಿ ಒಂಬತ್ತು ಬೈಟು, ತೆರೆಯ ಮೇಲೆ 36 ಅಕ್ಷರ. ನನ್ನ ಸ್ಕ್ರಿಪ್ಟ್ ಈ ಹೆಸರಿನ ಫೈಲು ಹುಡುಕಿ, ಸಿಗದೆ, ಸುಮ್ನೆ ಮುಂದೆ ಹೋಗಿತ್ತು. ತೆರೆ ನೋಡಿದ ರೈಟರು ಕೇಳಿದರು: “ಅಕ್ಕಾ, ನಾನು ಬರೆದ ಹೆಸರು ಎಲ್ಲಿ ಹೋಯ್ತು?” ಆ ಪ್ರಶ್ನೆ ನನಗೆ ನಾಟಿತು. ಕೋರ್ ಕೋಟ್‌ಪಾತ್ ಅನ್ನುವ ಸೆಟ್ಟಿಂಗನ್ನು ಆಫ್ ಮಾಡಿದರೆ ಕನ್ನಡ ಸರಿಯಾಗಿ ಕಾಣುತ್ತದೆ. ಆದರೆ ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆ ಆಗಲೂ ಉಳಿಯುತ್ತದೆ.

ಎರಡನೆಯದು ‘ಪೋರ್ಸಲೀನ್’. ನೋಡಲು ಶಾರ್ಟ್ ಥರವೇ ಇದೆ. ವ್ಯತ್ಯಾಸ ಇರುವುದು ಮಾತು ಕೊಡುವುದರಲ್ಲಿ. ಗಿಟ್‌ನ ಹೊಸ ಆವೃತ್ತಿ ಬಂದರೂ, ಬಳಸುವವರು ಬಣ್ಣದ ಸೆಟ್ಟಿಂಗ್ ಏನೇ ಇಟ್ಟುಕೊಂಡಿದ್ದರೂ ಇದರ ರೂಪ ಬದಲಾಗುವುದಿಲ್ಲ. ಹೆಸರು ಮಾತ್ರ ನನಗೆ ಹಿಡಿಸಲಿಲ್ಲ. ಪೋರ್ಸಲೀನ್ ಅಂದರೆ ಪಿಂಗಾಣಿ. ಗಿಟ್ ಮಂದಿ ಜನ ಬಳಸುವ ಕಮಾಂಡುಗಳಿಗೆ ಪಿಂಗಾಣಿ ಅನ್ನುತ್ತಾರೆ, ಒಳಗಿನವುಗಳಿಗೆ ಪ್ಲಂಬಿಂಗ್. ಹಾಗಿದ್ದೂ ಪಿಂಗಾಣಿ ಅನ್ನುವ ಆಯ್ಕೆ ಕೊಡುವುದು ಸ್ಕ್ರಿಪ್ಟಿಗೆ ಬೇಕಾದ ಔಟ್‌ಪುಟ್! ಹೊಸಬರು ಇದನ್ನು ಊಹಿಸುವುದು ಕಷ್ಟ.

ಇದರ ಜೊತೆ ‘ಝೆಡ್’ ಆಯ್ಕೆ ಸೇರಿಸಿದ ಮೇಲೆಯೇ ನನ್ನ ಜುಲೈ ಸರಿಹೋಯಿತು. ಆಗ ಸಾಲು ಮುರಿಯುವ ಬದಲು ಪ್ರತಿ ಹೆಸರಿನ ಕೊನೆಗೆ ಸೊನ್ನೆ ಬೈಟು ಬರುತ್ತದೆ. ಫೈಲಿನ ಹೆಸರಿನಲ್ಲಿ ಸೊನ್ನೆ ಬೈಟು ಇರಲು ಸಾಧ್ಯವೇ ಇಲ್ಲ, ಹಾಗಾಗಿ ಉದ್ಧರಣ ಚಿಹ್ನೆಯೂ ಬೇಡ, ಅಂಕಿಗಳೂ ಬೇಡ. ಕನ್ನಡ ಕನ್ನಡವಾಗಿಯೇ ಬರುತ್ತದೆ. ಒಂದು ತೊಡಕಿದೆ. ಫೈಲಿನ ಹೆಸರು ಬದಲಿಸಿದಾಗ ಮಾಮೂಲಿಯಾಗಿ ಹಳೆಯದು, ಬಾಣ, ಹೊಸದು ಅಂತ ತೋರಿಸುತ್ತದೆ. ಝೆಡ್ ಹಾಕಿದರೆ ಹೊಸದು ಮೊದಲು, ಹಳೆಯದು ಆಮೇಲೆ. ಒಂದೇ ಆಯ್ಕೆಗೆ ಎರಡು ಕ್ರಮ ಸರಿಯಲ್ಲ.

2016ರಲ್ಲಿ ಗಿಟ್ 2.11ರ ಜೊತೆ ಬಂದ ಎರಡನೇ ಪೋರ್ಸಲೀನ್ ಈ ಗೊಂದಲ ಬಿಡಿಸಿದೆ. ಅದರಲ್ಲಿ ಯಾವಾಗಲೂ ಹೊಸ ಹೆಸರೇ ಮೊದಲು. ಇನ್ನೊಂದು ಸಣ್ಣ ಬದಲಾವಣೆ ನನಗೆ ತುಂಬಾ ಇಷ್ಟವಾಯಿತು. ಮೊದಲನೆಯದರಲ್ಲಿ ‘ಬದಲಾವಣೆ ಇಲ್ಲ’ ಅನ್ನುವುದಕ್ಕೆ ಗುರುತು ಖಾಲಿ ಜಾಗ. ಸಾಲಿನ ಆಚೀಚೆಯ ಖಾಲಿ ಜಾಗವನ್ನು ಸ್ಕ್ರಿಪ್ಟ್ ಕತ್ತರಿಸಿದರೆ ಗುರುತು ಒಂದು ಮನೆ ಎಡಕ್ಕೆ ಸರಿದು ಅರ್ಥವೇ ಬದಲಾಗುತ್ತದೆ. ಎರಡನೆಯದರಲ್ಲಿ ಅಲ್ಲಿ ಚುಕ್ಕಿ ಇದೆ. ಬ್ರಾಂಚ್ ಆಯ್ಕೆ ಸೇರಿಸಿದರೆ ಸರ್ವರಿಗೆ ಇನ್ನೂ ಹೋಗದ ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ಎಷ್ಟು ಅಂತಲೂ ಹೇಳುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ನೆಟ್‌ವರ್ಕ್ ಸಿಗದ ನಮಗೆ ಇದು ಬಹಳ ಉಪಯೋಗ. ಆದರೆ ತಿದ್ದಿದ ಫೈಲಿನ ಮಾಮೂಲಿ ಸಾಲಿನಲ್ಲೇ ಹೆಸರಿಗೆ ಮುಂಚೆ ಎಂಟು ಕಾಲಂ ಇರುತ್ತವೆ. ರೈಟರಿಗೆ ಇದನ್ನು ತೋರಿಸುವ ಹಾಗೇ ಇಲ್ಲ.

ಕಮಿಟ್‌ಗಳನ್ನು ಪಟ್ಟಿ ಮಾಡುವ ಗಿಟ್ ಲಾಗ್‌ನಲ್ಲಿ ನಮಗೆ ಬೇಕಾದ ರೂಪವನ್ನು ನಾವೇ ಬರೆದುಕೊಳ್ಳಬಹುದು. ಅಲ್ಲೂ ಒಂದು ದಿನ ಕಳೆದುಕೊಂಡೆ. ಜೂನ್ ತಿಂಗಳ 30 ಕಮಿಟ್ ಬರಬೇಕಿತ್ತು, 29 ಬಂತು. ‘ಪ್ರೆಟಿ’ಯಲ್ಲಿ ‘ಫಾರ್ಮ್ಯಾಟ್’ ಅಂತ ಬರೆದರೆ ಸಾಲಿನ ಮುರಿತ ಎರಡು ಕಮಿಟ್‌ಗಳ ನಡುವೆ ಮಾತ್ರ ಬೀಳುತ್ತದೆ, ಕೊನೆಯದರ ನಂತರ ಇಲ್ಲ. ಶೆಲ್‌ನಲ್ಲಿ ಸಾಲು ಸಾಲಾಗಿ ಓದುವ ನನ್ನ ಲೂಪ್ ಆ ಕೊನೆಯ ಸಾಲನ್ನು ಬಿಟ್ಟುಬಿಟ್ಟಿತ್ತು. ಲಾಗ್‌ನಲ್ಲಿ ಹೊಸದು ಮೇಲೆ ಇರುವುದರಿಂದ ಹೋಗಿದ್ದು ಜೂನ್ 1ರ ಲೆಕ್ಕ. ‘ಟಿಫಾರ್ಮ್ಯಾಟ್’ ಅಂತ ಬರೆದ ತಕ್ಷಣ ಸರಿಯಾಯಿತು. ಒಂದಕ್ಷರದ ವ್ಯತ್ಯಾಸ ಅಷ್ಟೇ, ಅಲ್ವಾ? ಇಂಥ ಎರಡು ಹೆಸರು ಅಕ್ಕಪಕ್ಕ ಇರಬಾರದಿತ್ತು.

ಮರ್ಕ್ಯುರಿಯಲ್ ಈ ವಿಷಯದಲ್ಲಿ ಮುಂದಿದೆ ಅಂತ ನನ್ನ ಅಭಿಪ್ರಾಯ. ಸ್ಟೇಟಸ್ ಇರಲಿ, ಲಾಗ್ ಇರಲಿ, ಟೆಂಪ್ಲೇಟ್ ಆಯ್ಕೆಗೆ ಜೇಸನ್ (ಪ್ರೋಗ್ರಾಂಗಳು ಸುಲಭವಾಗಿ ಓದುವ ಒಂದು ರೂಪ) ಅಂದರೆ ಸಾಕು. ಹೆಸರು, ಗುರುತು ಎಲ್ಲ ತಮ್ಮ ತಮ್ಮ ಶೀರ್ಷಿಕೆಯ ಜೊತೆ ಬರುತ್ತವೆ. ಕಾಲಂ ಎಣಿಸುವ ಕೆಲಸವೇ ಇಲ್ಲ. ಎಚ್‌ಜಿಪ್ಲೇನ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟರೆ ಔಟ್‌ಪುಟ್ ಬದಲಿಸುವಂಥ ಬಳಕೆದಾರರ ಸೆಟ್ಟಿಂಗುಗಳೂ ಅಡ್ಡ ಬರುವುದಿಲ್ಲ. ಗಿಟ್ ಸ್ಟೇಟಸ್‌ಗೂ ಜೇಸನ್ ಇದ್ದಿದ್ದರೆ ನನ್ನ ಅರ್ಧ ಕೆಲಸ ಉಳಿಯುತ್ತಿತ್ತು. ಸಬ್‌ವರ್ಷನ್ ಎಕ್ಸ್‌ಎಂಎಲ್ ಕೊಡುತ್ತದೆ. ಅದೂ ಅಂಥದ್ದೇ ಇನ್ನೊಂದು ರೂಪ. ಅಚ್ಚುಕಟ್ಟಾಗಿದೆ, ಆದರೆ ಶೆಲ್‌ನಲ್ಲಿ ಬಿಡಿಸಿ ಓದುವುದು ಶ್ರಮ. ಸಮಯ ಯುಟಿಸಿಯಲ್ಲಿರುತ್ತದೆ, ನಮ್ಮ ಭಾರತದ ಸಮಯಕ್ಕೆ ಐದೂವರೆ ಗಂಟೆ ಕೂಡಿಸಲು ಮರೆಯಬಾರದು.

ಇಷ್ಟೆಲ್ಲ ನೋಡುವಾಗ ನಮ್ಮ ಮಳೆ ಲೆಕ್ಕವೇ ನೆನಪಾಗುತ್ತಿತ್ತು. ಪಕ್ಕದ ತೋಟದವರು ಫೋನಿನಲ್ಲಿ “ನಿಮ್ಮಲ್ಲಿ ಎಷ್ಟು?” ಅಂದರೆ “ಒಂದು ಇಂಚು ಇಪ್ಪತ್ತು ಸೆಂಟ್” ಅನ್ನುತ್ತೇವೆ. ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಭಾಗ. ಹವಾಮಾನ ಇಲಾಖೆಯ ಲೆಕ್ಕ ಮಿಲಿಮೀಟರಿನಲ್ಲಿ, ಬೆಳಿಗ್ಗೆ 8:30ರಿಂದ ಮರುದಿನ 8:30ಕ್ಕೆ. ಅದೇ ಮಳೆ ಅಲ್ಲಿ 30.48. ಫೋನಿನಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ.

ಹಾಗಾಗಿ ನನ್ನ ಕಮಾಂಡಿನಲ್ಲಿ ಎರಡನ್ನೂ ಬೇರೆ ಮಾಡಿದೆ. ಏನೂ ಆಯ್ಕೆ ಕೊಡದಿದ್ದರೆ ರೈಟರಿಗೆ: ‘ಹೊಸದು’, ‘ತಿದ್ದಿದ್ದು’ ಅಂತ ಕನ್ನಡದಲ್ಲಿ, ಬಣ್ಣದ ಜೊತೆ, ‘ನಿನ್ನೆ ಸಂಜೆ’ ಅನ್ನುವ ಥರದ ಸಮಯ. ಇದನ್ನು ಅವರು ಕೇಳಿದ ಹಾಗೆಲ್ಲ ಬದಲಿಸುತ್ತೇನೆ. ಇನ್ನೊಂದರ ಹೆಸರು ನೇರವಾಗಿ ‘ಸ್ಕ್ರಿಪ್ಟ್’, ಪಕ್ಕದಲ್ಲಿ ಆವೃತ್ತಿಯ ಸಂಖ್ಯೆ ಬರೆಯಲೇಬೇಕು. ಸೊನ್ನೆ ಬೈಟು, ಖಾಲಿಯ ಬದಲು ಚುಕ್ಕಿ, ಸಮಯ ಸೆಕೆಂಡುಗಳಲ್ಲಿ. ಅದರಲ್ಲಿ ಏನಾದರೂ ಬದಲಿಸಬೇಕಾದರೆ ಸಂಖ್ಯೆ 2 ಆಗುತ್ತದೆ, 1 ಹಾಗೇ ಇರುತ್ತದೆ. ಔಟ್‌ಪುಟ್ ಪೈಪಿಗೆ, ಅಂದರೆ ಇನ್ನೊಂದು ಕಮಾಂಡಿಗೆ, ಹೋಗುತ್ತಿದೆ ಅಂತ ಕಂಡರೆ ಬಣ್ಣ ತೆಗೆಯುತ್ತೇನೆ, ರೂಪ ಮುಟ್ಟುವುದಿಲ್ಲ. ಉದ್ದದ ಪಟ್ಟಿಯನ್ನು ಪುಟ ಪುಟವಾಗಿ ನೋಡಲು ರೈಟರೂ ಪೈಪ್ ಬಳಸುತ್ತಾರೆ, ಅವರ ಮುಂದೆ ದಿಢೀರನೆ ಬೇರೆ ಕಾಲಂ ಬರಬಾರದು.

ಜೇಸನ್ ಮುಂದಿನ ಮಳೆಗಾಲದೊಳಗೆ ಸೇರಿಸಬೇಕು ಅಂತಿದೆ. ಸದ್ಯಕ್ಕೆ ಟೆಸ್ಟುಗಳನ್ನು ಬರೆಯುತ್ತಿದ್ದೇನೆ. ಮೊದಲ ಟೆಸ್ಟಿನ ಫೈಲಿಗೆ ‘ಮಳೆ ಜುಲೈ’ ಅಂತಲೇ ಹೆಸರಿಟ್ಟಿದ್ದೇನೆ, ನಡುವಿನ ಖಾಲಿ ಜಾಗದ ಸಮೇತ.