ಕರಡು ನಕ್ಷೆ ಓದಬಹುದು, ಲೆವೆಲ್ ಮಾತ್ರ ಇಲ್ಲ

ಕಲಬುರಗಿಯ ಹೊಸ ಬಡಾವಣೆಯೊಂದರ ಮಳೆನೀರು ಚರಂಡಿ ಯೋಜನೆಯ ಕರಡು ಆಕ್ಷೇಪಣೆಗೆ ಬಂದಿದೆ. ನಕ್ಷೆ, ಅಂದಾಜುಪಟ್ಟಿ, ಸಾರ್ವಜನಿಕ ಸಭೆ ಮೂರನ್ನೂ ನೋಡಿ ನಾವು ಕೊಡುವ ಅಂಕ ಐದಕ್ಕೆ ಎರಡು. ನಕ್ಷೆ ಕನ್ನಡದಲ್ಲಿದೆ, ಓಣಿಗಳ ಹೆಸರಿದೆ, ನೀರು ಹೋಗುವ ದಿಕ್ಕಿಗೆ ಬಾಣ ಹಾಕಿದ್ದಾರೆ. ಸಭೆ ಸಂಜೆ ಹೊತ್ತು ಇಟ್ಟಿದ್ದರಿಂದ ದುಡಿಯಲು ಹೋಗುವವರೂ ಬಂದರು. ಎರಡು ಅಂಕ ಇದಕ್ಕೇ.

ಎಲ್ಲ ಓಣಿಗೂ 90 ಸೆಂ.ಮೀ. ಅಗಲ, 90 ಸೆಂ.ಮೀ. ಆಳ ಎಂದು ಒಂದೇ ಅಳತೆ ಬರೆದಿದ್ದಾರೆ. ಮೇಲಿನ ಓಣಿಗೆ ಅದು ಹೆಚ್ಚು, ಕೆಳಗಿನದಕ್ಕೆ ಸಾಲದು. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಬರುವ ಪಾಲು), ಗಂಟೆಗೆ ಬೀಳುವ ಮಳೆಯ ಮಿ.ಮೀ., ಜಾಗದ ಹೆಕ್ಟೇರ್ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬರುತ್ತದೆಂದು ಗೊತ್ತಾಗುತ್ತದೆ. ಮನೆ, ಸಿಸಿ ರಸ್ತೆ ತುಂಬಿದ 20 ಹೆಕ್ಟೇರಿಗೆ ಗುಣಾಂಕ 0.7, ಮಳೆ 50 ಮಿ.ಮೀ. ಹಿಡಿದರೆ 1.94. 400 ಮೀಟರಿಗೆ 1 ಮೀಟರ್ ಇಳಿಜಾರಿನ ಈ ಕಾಂಕ್ರೀಟ್ ಚರಂಡಿ, ಮೇಲೆ 15 ಸೆಂ.ಮೀ. ಖಾಲಿ ಬಿಟ್ಟರೆ, ಸಾಗಿಸುವುದು ಸುಮಾರು 0.97. ಉಳಿದರ್ಧ ರಸ್ತೆಗೆ ಬರುತ್ತದೆ. ಅಲ್ಲಿ 1.2 ಮೀಟರ್ ಅಗಲ, 1.15 ಮೀಟರ್ ಆಳ ಬೇಕು.

ಇದಕ್ಕಿಂತ ದೊಡ್ಡ ಕೊರತೆ ಎತ್ತರದ ಅಳತೆಯದು, ಅಂದರೆ ಲೆವೆಲ್‌ನದು. ಚರಂಡಿಯನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಎಲ್-ಸೆಕ್ಷನ್ ಹಾಳೆಯೇ ಇಲ್ಲ. 30 ಮೀಟರಿಗೊಮ್ಮೆ ಚರಂಡಿ ತಳದ ಲೆವೆಲ್, ಕೊನೆಗೆ ನಾಲಾದ ತಳ, ತುಂಬಿ ಹರಿಯುವಾಗ ಅದರ ನೀರಿನ ಮಟ್ಟ, ಇಷ್ಟು ಅದರಲ್ಲಿ ಇರಲೇಬೇಕು. ನಾಲಾದ ನೀರು ಚರಂಡಿಯ ತಳಕ್ಕಿಂತ ಮೇಲೇರಿದರೆ ಚರಂಡಿ ಎಷ್ಟೇ ದೊಡ್ಡದಿರಲಿ, ಸೆಪ್ಟೆಂಬರ್ ಮಳೆಗೆ ನೀರು ಚರಂಡಿಯೊಳಗೆ ಹಿಂದಕ್ಕೆ ಒತ್ತುತ್ತದೆ, ತಿರುಗಿ ಓಣಿಗೂ ಬರಬಹುದು. ಈ ನಕ್ಷೆಯಲ್ಲಿ ಬಾಣ ಹೋಗಿ ‘ನಾಲಾಕ್ಕೆ’ ಎಂಬಲ್ಲಿ ನಿಂತುಬಿಟ್ಟಿದೆ.

ಅಂದಾಜುಪಟ್ಟಿಯಲ್ಲಿ ಎರೆ ಮಣ್ಣಿನ ಪ್ರಸ್ತಾಪವೇ ಇಲ್ಲ, 10 ಸೆಂ.ಮೀ. ಕಾಂಕ್ರೀಟನ್ನು ನೇರ ಅದರ ಮೇಲೆ ಹಾಸುತ್ತಾರಂತೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ, ಚರಂಡಿಯ ಗೋಡೆ ಒಳಕ್ಕೆ ವಾಲುತ್ತದೆ. ತಳದಲ್ಲಿ ಕನಿಷ್ಠ 30 ಸೆಂ.ಮೀ. ಎರೆ ತೆಗೆದು, 15 ಸೆಂ.ಮೀ. ಪದರದಂತೆ ಮುರುಮು (ಗರಸು ಮಣ್ಣು) ಹಾಕಿ ನೀರು ಹೊಡೆದು ದಮ್ಮಸು ಮಾಡಬೇಕು. ಗೋಡೆಯ ಹಿಂದೆಯೂ ಮುರುಮು, ಒಂದೂವರೆ ಮೀಟರಿಗೊಂದು ನೀರು ಬಸಿಯುವ ಪೈಪ್. ಮುಚ್ಚಲು ಶಹಾಬಾದ್ ಕಲ್ಲು ಅಗ್ಗ, ಪಾದಚಾರಿಗಳಿಗೆ ಸಾಕು. ನೀರಿನ ಟ್ಯಾಂಕರ್ ಹಾಯುವಲ್ಲಿ ಮುರಿಯುತ್ತದೆ, ಆರ್‌ಸಿಸಿ ಸ್ಲ್ಯಾಬೇ ಆಗಬೇಕು. ಪೂರ್ತಿ ಸಿಮೆಂಟ್ ಬಳಿದು ಮುಚ್ಚಿದರೆ ಹೂಳೆತ್ತಲು ದಾರಿಯಿಲ್ಲ. 10 ಮೀಟರಿಗೊಂದು ಕೊಂಡಿಯಿರುವ ಮುಚ್ಚಳ ಬೇಕೇ ಬೇಕು.

ಸಭೆಯಲ್ಲಿ ಯಾವ ಮನೆಯ ಹೊಸ್ತಿಲಿಗೆ ನೀರು ಬರುತ್ತದೆಂದು ಹೆಣ್ಣುಮಕ್ಕಳು ಒಂದೊಂದಾಗಿ ಹೇಳಿದರು. ಯಾರೂ ಬರೆದುಕೊಳ್ಳಲಿಲ್ಲ, ಹಾಜರಿ ಸಹಿ ಮಾತ್ರ ತಗೊಂಡರು. ಯೋಜನೆಗೆ ಅವರು ಹೇಳಿದ್ದಕ್ಕಿಂತ ಬೆಲೆಯುಳ್ಳ ಮಾಹಿತಿ ಇನ್ನೊಂದಿಲ್ಲ. ನಿಮ್ಮ ಮನೆಯ ಗೋಡೆಯ ಮೇಲೆ ನೀರಿನ ಗುರುತು ಇದ್ದರೆ ರಸ್ತೆಯಿಂದ ಎಷ್ಟು ಎತ್ತರವೆಂದು ಟೇಪಿನಿಂದ ಅಳೆದು, ಫೋಟೋ ಸಮೇತ ಬರಹದಲ್ಲಿ ಕೊಡಿ, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಹಾಜರಿ ಪುಸ್ತಕದಲ್ಲಿ ಸಹಿಯ ಪಕ್ಕ ‘ಒಪ್ಪಿಗೆಯಲ್ಲ, ಹಾಜರಿ ಮಾತ್ರ’ ಎಂದು ಬರೆಯಿರಿ. ಎಲ್-ಸೆಕ್ಷನ್, ಹರಿವಿನ ಲೆಕ್ಕ, ಮಣ್ಣಿನ ಪರೀಕ್ಷೆ ಮೂರನ್ನೂ ಕೇಳಿ. 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡಲು 30 ದಿನ ಅವಕಾಶವಿದೆ, ಅಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿರಬಹುದು. ಆದ್ದರಿಂದ ಜನರಿಗೆ ತಟ್ಟುವ ನಿರ್ಧಾರದ ವಿವರ ತಾವಾಗಿಯೇ ಪ್ರಕಟಿಸಬೇಕೆನ್ನುವ 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಕಲಮನ್ನು ನಮೂದಿಸಿ, ದಾಖಲೆ ಸಿಗುವವರೆಗೆ ಗಡುವು ಮುಂದಕ್ಕೆ ಹಾಕಿ ಎಂದು ಆಕ್ಷೇಪಣೆಯಲ್ಲೇ ಕೇಳಿ.